ಎಂಕಾ

ಎಂಕಾ ಎಂಬುದು ಜಪಾನಿನ ಜನಪ್ರಿಯ ಸಂಗೀತದ ಒಂದು ಪ್ರಕಾರ. ಮುರಿದ ಪ್ರೇಮ, ಅಗಲಿಕೆ, ನಿರೀಕ್ಷೆ, ಬಿಟ್ಟುಬಂದ ಊರಿನ ಹಂಬಲ ಮತ್ತು ಏಕಾಂತ ಇದರ ಮುಖ್ಯ ವಸ್ತುಗಳು. ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಇವು ಬಹುತೇಕ ವಿಪ್ರಲಂಭ ಶೃಂಗಾರದ ಹಾಡುಗಳು. ಎಂಕಾವನ್ನು ‘ಜಪಾನೀಯರ ಹೃದಯ’ ಎಂದು ಬಣ್ಣಿಸುವ ವಾಡಿಕೆಯಿದೆ. ಕೇಳಲು ಪುರಾತನವೆಂದು ತೋರಿದರೂ, ಈ ಪ್ರಕಾರಕ್ಕೆ ಇಂದಿನ ಹೆಸರು ಮತ್ತು ಅರ್ಥ ನೆಲೆಗೊಂಡದ್ದು 1960ರ ದಶಕದ ಕೊನೆಯ ಭಾಗದಲ್ಲಿ.

ಹೆಸರಿನ ಮೂಲ

‘ಎನ್’ ಎಂದರೆ ಪ್ರದರ್ಶನ ಅಥವಾ ಭಾಷಣ, ‘ಕಾ’ ಎಂದರೆ ಹಾಡು. ಮೇಜಿ ಯುಗದಲ್ಲಿ, 1880ರ ದಶಕದ ಜನಹಕ್ಕು ಚಳವಳಿಯ ಸಂದರ್ಭದಲ್ಲಿ, ಸರ್ಕಾರವನ್ನು ಟೀಕಿಸುವ ರಾಜಕೀಯ ಭಾಷಣಗಳನ್ನು ಹಾಡಿನ ರೂಪದಲ್ಲಿ ಬೀದಿಗಳಲ್ಲಿ ಹಾಡಲಾಗುತ್ತಿತ್ತು. ಈ ಹಾಡುಗಳಿಗೇ ಮೊದಲು ಎಂಕಾ ಎಂಬ ಹೆಸರಿತ್ತು. ಇವುಗಳನ್ನು ಹಾಡಿ, ಸಾಹಿತ್ಯದ ಪುಸ್ತಿಕೆಗಳನ್ನು ಮಾರುತ್ತಿದ್ದ ಬೀದಿ ಗಾಯಕರನ್ನು ಎಂಕಾಶಿ ಎಂದು ಕರೆಯುತ್ತಿದ್ದರು. ಸೋಎದಾ ಅಜೆಂಬೋ (1872–1944) ಇವರಲ್ಲಿ ಪ್ರಸಿದ್ಧರು. ಕಾಲಕ್ರಮೇಣ ಎಂಕಾಶಿಗಳು ಪಿಟೀಲು ಹಿಡಿದು ಪ್ರೇಮ ಮತ್ತು ದುರಂತದ ಹಾಡುಗಳನ್ನೂ ಹಾಡತೊಡಗಿದರು. ಇಂದಿನ ಎಂಕಾಗೂ ಈ ಹಾಡುಗಳಿಗೂ ಹೆಸರಿನ ಸಂಬಂಧವಿದ್ದರೂ ಸಂಗೀತದ ನೇರ ಸಂಬಂಧ ಅಲ್ಪ.

ಇತಿಹಾಸ

ಯುದ್ಧಪೂರ್ವ ಕಾಲ

ಟಾಲ್‌ಸ್ಟಾಯ್ ಅವರ ‘ಪುನರುತ್ಥಾನ’ ಕಾದಂಬರಿಯ ರಂಗರೂಪಕ್ಕಾಗಿ ನಾಕಾಯಾಮ ಶಿಂಪೇ ಸಂಯೋಜಿಸಿದ ‘ಕಚೂಷಾಳ ಹಾಡು’ 1914ರಲ್ಲಿ ಜನಪ್ರಿಯವಾಯಿತು. ನಟಿ ಮತ್ಸುಯಿ ಸುಮಾಕೊ ಹಾಡಿದ ಈ ಗೀತೆಯನ್ನು ಜಪಾನಿನ ಆಧುನಿಕ ಜನಪ್ರಿಯ ಗೀತೆಗಳ ಆರಂಭಿಕ ಮಾದರಿಯೆಂದು ಪರಿಗಣಿಸಲಾಗುತ್ತದೆ. ಜಪಾನಿ ಸ್ವರಗತಿಯನ್ನು ಪಾಶ್ಚಾತ್ಯ ವಾದ್ಯಗಳೊಂದಿಗೆ ಬೆರೆಸುವ ಈ ಮಾರ್ಗವನ್ನು ಕೋಗಾ ಮಸಾವೊ (1904–1978) ಮುಂದುವರಿಸಿದರು. ಗಿಟಾರಿನ ಹಿನ್ನೆಲೆಯಲ್ಲಿ ಫುಜಿಯಾಮ ಇಚಿರೋ ಹಾಡಿದ ‘ಮದ್ಯವೆಂದರೆ ಕಣ್ಣೀರೋ ನಿಟ್ಟುಸಿರೋ’ ಎಂಬ ಅರ್ಥದ ಶೀರ್ಷಿಕೆಯುಳ್ಳ ಗೀತೆ (1931) ಅವರಿಗೆ ಅಪಾರ ಕೀರ್ತಿ ತಂದಿತು. ಅವರ ವಿಷಾದಭರಿತ ಶೈಲಿ ‘ಕೋಗಾ ಮಾಧುರ್ಯ’ ಎಂದೇ ಹೆಸರಾಯಿತು. ಕೋಗಾ ತಮ್ಮ ಬಾಲ್ಯದ ಕೆಲಭಾಗವನ್ನು ಕೊರಿಯಾದಲ್ಲಿ ಕಳೆದಿದ್ದರು. ಎಂಕಾಗೂ ಕೊರಿಯಾದ ‘ಟ್ರಾಟ್’ ಹಾಡುಗಳಿಗೂ ಇರುವ ಹೋಲಿಕೆ, ಯಾವುದು ಯಾವುದರಿಂದ ಪ್ರಭಾವಿತ ಎಂಬ ದೀರ್ಘ ಚರ್ಚೆಗೆ ಕಾರಣವಾಗಿದೆ.

ವಲಸೆಯ ದಶಕಗಳು

1950 ಮತ್ತು 1960ರ ದಶಕಗಳಲ್ಲಿ ಜಪಾನಿನ ಗ್ರಾಮೀಣ ಪ್ರದೇಶಗಳಿಂದ, ವಿಶೇಷವಾಗಿ ಈಶಾನ್ಯದ ತೋಹೋಕು ಭಾಗದಿಂದ, ಶಾಲೆ ಮುಗಿಸಿದ ಹದಿಹರೆಯದವರು ಗುಂಪುಗುಂಪಾಗಿ ವಿಶೇಷ ರೈಲುಗಳಲ್ಲಿ ಟೋಕಿಯೊದ ಕಾರ್ಖಾನೆ ಮತ್ತು ಅಂಗಡಿಗಳಿಗೆ ಕೆಲಸಕ್ಕೆ ಬಂದರು. ಉಯೆನೊ ರೈಲು ನಿಲ್ದಾಣ ಅವರ ಪಾಲಿಗೆ ಮಹಾನಗರದ ಹೆಬ್ಬಾಗಿಲಾಗಿತ್ತು. ಈ ವಲಸೆಯ ಅನುಭವವೇ ಎಂಕಾದ ವಿರಹಕ್ಕೆ ನೆಲೆಯಾಯಿತು. ಊರಿನ ಒಂಟಿ ದೇವದಾರು ಮರದ ಬಳಿ ಪ್ರೇಯಸಿಯನ್ನು ಬಿಟ್ಟು ನಗರಕ್ಕೆ ಬಂದವನ ಅಳಲನ್ನು ಹೇಳುವ, ಕಸುಗಾ ಹಚಿರೋ ಹಾಡಿದ ‘ವಕಾರೆ ನೊ ಇಪ್ಪೊನ್‌ಸುಗಿ’ (1955) ಇದಕ್ಕೆ ಉದಾಹರಣೆ. ಇಂತಹ ಹಾಡುಗಳಲ್ಲಿ ಪ್ರೇಯಸಿಯ ನೆನಪು ಮತ್ತು ಊರಿನ ನೆನಪು ಬೇರ್ಪಡಿಸಲಾಗದಂತೆ ಬೆರೆತಿವೆ.

ಪ್ರಕಾರವಾಗಿ ನೆಲೆಗೊಂಡದ್ದು

1960ರ ದಶಕದಲ್ಲಿ ರಾಕ್ ಮತ್ತು ಜಾನಪದ ಶೈಲಿಯ ಯುವ ಸಂಗೀತ ಬೆಳೆದಂತೆ, ಹಳೆಯ ಧಾಟಿಯ ಹಾಡುಗಳನ್ನು ಪ್ರತ್ಯೇಕಿಸಿ ಗುರುತಿಸಲು ಒಂದು ಹೆಸರು ಬೇಕಾಯಿತು. ಕಾದಂಬರಿಕಾರ ಇತ್ಸುಕಿ ಹಿರೋಯುಕಿ ಅವರ ‘ಎಂಕಾ’ (1966) ಎಂಬ ಕೃತಿಯೂ ಈ ಪದಕ್ಕೆ ಹೊಸ ಚಲಾವಣೆ ನೀಡಿತು. ಫುಜಿ ಕೇಕೊ (1951–2013) ಅವರ ಮೊದಲ ಆಲ್ಬಂ ‘ಶಿಂಜುಕು ನೊ ಒನ್ನಾ’ 1970ರಲ್ಲಿ ಸತತ 20 ವಾರಗಳ ಕಾಲ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. 1970ರ ದಶಕದಲ್ಲಿ ಹರಡಿದ ಕರೋಕೆ, ಈ ಹಾಡುಗಳನ್ನು ಕೇಳುಗರೇ ಹಾಡುವಂತೆ ಮಾಡಿತು.

ಸಂಗೀತ ಲಕ್ಷಣಗಳು

ಎಂಕಾದ ಬಹುಪಾಲು ಹಾಡುಗಳು ಐದು ಸ್ವರಗಳ ‘ಯೋನಾನುಕಿ’ ಶ್ರೇಣಿಯಲ್ಲಿವೆ. ಈ ಪದದ ಅರ್ಥ ‘ನಾಲ್ಕು ಮತ್ತು ಏಳನ್ನು ತೆಗೆದದ್ದು’. ಅಂದರೆ ಮಧ್ಯಮ ಮತ್ತು ನಿಷಾದಗಳು ವರ್ಜ್ಯ. ಇದರಲ್ಲಿ ಎರಡು ಬಗೆಗಳಿವೆ. ಮೊದಲನೆಯದರ ಸ್ವರಗಳು ಮೋಹನ ರಾಗದ ಸ್ವರಗಳೇ ಆಗಿವೆ. ವಿಷಾದದ ಹಾಡುಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಎರಡನೆಯದರಲ್ಲಿ ಶಿವರಂಜಿನಿಯ ಚತುಶ್ರುತಿ ಧೈವತದ ಬದಲು ಶುದ್ಧ ಧೈವತ ಬರುತ್ತದೆ. ಈ ಹೋಲಿಕೆ ಸ್ವರಗಳಿಗೆ ಮಾತ್ರ ಸೀಮಿತ. ಎಂಕಾಗೆ ಪಾಶ್ಚಾತ್ಯ ಸ್ವರಮೇಳದ ಹಿನ್ನೆಲೆ ಇರುತ್ತದೆ.

ಗಾಯನದಲ್ಲಿ ‘ಕೊಬುಶಿ’ ಮುಖ್ಯವಾದುದು. ಒಂದೇ ಅಕ್ಷರವನ್ನು ಹಲವು ಸ್ವರಗಳ ಮೇಲೆ ಥಟ್ಟನೆ ತಿರುಗಿಸುವ ಈ ಅಲಂಕಾರ ಗಮಕವನ್ನು ನೆನಪಿಸುತ್ತದೆ. ಸಾಲಿನ ಕೊನೆಯಲ್ಲಿ ದನಿಯನ್ನು ವಿಶಾಲವಾಗಿ ಕಂಪಿಸುವುದು, ಗಂಟಲನ್ನು ಬಿಗಿಹಿಡಿದು ಒರಟಾಗಿಸುವುದು ಇತರ ತಂತ್ರಗಳು. ಶಮಿಸೆನ್ ವಾದ್ಯದೊಂದಿಗೆ ಕಥೆ ಹೇಳುವ ರೋಕ್ಯೋಕು ಕಲೆಯಿಂದ ಇವುಗಳಲ್ಲಿ ಕೆಲವು ಬಂದಿವೆ. ಮಿನಾಮಿ ಹರುವೊ, ಮುರಾತಾ ಹಿದೆಯೊ ಮೊದಲಾದ ಗಾಯಕರು ಹಿಂದೆ ರೋಕ್ಯೋಕು ಕಲಾವಿದರಾಗಿದ್ದರು.

ಸಾಹಿತ್ಯ

ಎಂಕಾ ಸಾಹಿತ್ಯದಲ್ಲಿ ಜಪಾನಿ ಕಾವ್ಯಕ್ಕೆ ಸಹಜವಾದ ಏಳು ಮತ್ತು ಐದು ಮಾತ್ರೆಗಳ ಗಣಗಳು ಸಾಮಾನ್ಯ. ಬಂದರು, ಮಳೆ, ಹಿಮ, ಮದ್ಯದಂಗಡಿ, ರಾತ್ರಿಯ ರೈಲು, ಉತ್ತರ ದಿಕ್ಕು ಇವು ಮತ್ತೆ ಮತ್ತೆ ಬರುವ ಚಿತ್ರಗಳು. ನೋವನ್ನು ನೇರವಾಗಿ ಹೇಳುವ ಬದಲು ಸ್ಥಳ ಮತ್ತು ಋತುವಿನ ಮೂಲಕ ಸೂಚಿಸುವುದು ಉತ್ತಮ ರಚನೆಗಳ ಗುಣವಾಗಿದೆ.

ಅಕು ಯೂ ಬರೆದು, ಮಿಕಿ ತಕಾಶಿ ಸಂಯೋಜಿಸಿ, ಇಶಿಕಾವಾ ಸಯುರಿ ಹಾಡಿದ ‘ತ್ಸುಗಾರು ಕೈಕ್ಯೋ ಫುಯುಗೆಶಿಕಿ’ (ತ್ಸುಗಾರು ಜಲಸಂಧಿಯ ಚಳಿಗಾಲದ ನೋಟ, 1977) ಇದಕ್ಕೆ ನಿದರ್ಶನ. ಉಯೆನೊದಿಂದ ರಾತ್ರಿ ರೈಲಿನಲ್ಲಿ ಹೊರಟ ಹೆಣ್ಣೊಬ್ಬಳು ಹಿಮ ಬೀಳುವ ಅಓಮೊರಿಯಲ್ಲಿ ಇಳಿದು, ಹೊಕ್ಕೈದೊಗೆ ಹೋಗುವ ಹಡಗನ್ನು ಏರುತ್ತಾಳೆ. ಅಗಲಿಕೆಯ ಕಾರಣವನ್ನು ಹಾಡು ವಿವರಿಸುವುದಿಲ್ಲ. 1988ರ ಮಾರ್ಚ್‌ನಲ್ಲಿ ಸೈಕಾನ್ ಸುರಂಗ ತೆರೆದಾಗ ಆ ರೈಲ್ವೆ ಹಡಗಿನ ನಿತ್ಯ ಸಂಚಾರ ನಿಂತಿತು. ಅಓಮೊರಿ ಬಂದರಿನಲ್ಲಿ ಸಂಗ್ರಹಾಲಯವಾಗಿ ಉಳಿಸಿರುವ ಹಕ್ಕೋದಾ ಮಾರು ಹಡಗಿನ ಬಳಿ ಈ ಹಾಡಿನ ಸ್ಮಾರಕವಿದೆ.

ಪ್ರಮುಖ ಗಾಯಕರು

* ಮಿಸೋರಾ ಹಿಬಾರಿ (1937–1989): ಯೊಕೊಹಾಮದಲ್ಲಿ ಜನಿಸಿ ಬಾಲಗಾಯಕಿಯಾಗಿ ಪ್ರಸಿದ್ಧರಾದರು. ಕೋಗಾ ಸಂಯೋಜನೆಯ ‘ಕನಾಶೀ ಸಾಕೆ’ (ದುಃಖದ ಮದ್ಯ, 1966) ಹಾಡುವಾಗ ವೇದಿಕೆಯ ಮೇಲೆ ಕಣ್ಣೀರು ಸುರಿಸುತ್ತಿದ್ದರು. ಮರಣಾನಂತರ ರಾಷ್ಟ್ರೀಯ ಜನಗೌರವ ಪ್ರಶಸ್ತಿ ಪಡೆದ ಇವರು, ಆ ಗೌರವಕ್ಕೆ ಪಾತ್ರರಾದ ಮೊದಲ ಮಹಿಳೆ.
* ಮಿಯಾಕೊ ಹರುಮಿ (ಜನನ 1948): ‘ಕಿತಾ ನೊ ಯಾದೊ ಕರಾ’ (ಉತ್ತರದ ವಸತಿಗೃಹದಿಂದ, 1975) ಗೀತೆಗೆ 1976ರ ಜಪಾನ್ ರೆಕಾರ್ಡ್ ಪ್ರಶಸ್ತಿ ದೊರೆಯಿತು.
* ಮೋರಿ ಶಿನಿಚಿ (ಜನನ 1947): ಒಡಕು ದನಿಯ ಗಾಯಕ. ‘ಎರಿಮೊ ಮಿಸಾಕಿ’ 1974ರಲ್ಲಿ ಇದೇ ಪ್ರಶಸ್ತಿ ಪಡೆಯಿತು.
* ಯಾಶಿರೊ ಅಕಿ (1950–2023): ‘ಫುನಾಉತಾ’ (1979) ಮತ್ತು 1980ರಲ್ಲಿ ಪ್ರಶಸ್ತಿ ಪಡೆದ ‘ಅಮೆ ನೊ ಬೊಜೋ’ ಇವರ ಪ್ರಸಿದ್ಧ ಗೀತೆಗಳು.

ವಿಮರ್ಶೆ

ಸಂಗೀತ ಇತಿಹಾಸಕಾರ ವಜಿಮಾ ಯೂಸುಕೆ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಕಾ ‘ಜಪಾನಿನ ಹೃದಯ’ ಎಂಬ ನಂಬಿಕೆ ಇತ್ತೀಚಿನ ನಿರ್ಮಿತಿ ಎಂದು ವಾದಿಸಿದ್ದಾರೆ. ಮಾನವಶಾಸ್ತ್ರಜ್ಞೆ ಕ್ರಿಸ್ಟೀನ್ ಯಾನೊ 2002ರ ತಮ್ಮ ಗ್ರಂಥದಲ್ಲಿ, ಈ ಹಾಡುಗಳು ಕಣ್ಣೀರು ಮತ್ತು ಗತಕಾಲದ ಹಂಬಲದ ಮೂಲಕ ರಾಷ್ಟ್ರೀಯ ಭಾವನೆಯನ್ನು ರೂಪಿಸುವ ಬಗೆಯನ್ನು ಪರಿಶೀಲಿಸಿದ್ದಾರೆ.

ಸ್ತ್ರೀಯ ಚಿತ್ರಣವೂ ಚರ್ಚೆಗೆ ಒಳಗಾಗಿದೆ. ಪ್ರಸಿದ್ಧ ಎಂಕಾಗಳಲ್ಲಿ ತೊರೆದುಹೋದವನಿಗಾಗಿ ಕಾಯುವ ಹೆಣ್ಣಿನ ದನಿ ಸಾಮಾನ್ಯ. ಆದರೆ ಅವುಗಳನ್ನು ಬರೆದವರು ಹೆಚ್ಚಾಗಿ ಪುರುಷರು. ‘ಕಿತಾ ನೊ ಯಾದೊ ಕರಾ’ದ ನಾಯಕಿ ತನ್ನವನು ತೊಡುವುದಿಲ್ಲವೆಂದು ತಿಳಿದೂ ಅವನಿಗಾಗಿ ಸ್ವೆಟರ್ ಹೆಣೆಯುತ್ತಾಳೆ. ಮೋರಿ ಶಿನಿಚಿಯಂತಹ ಗಾಯಕರು ಹೆಣ್ಣಿನ ಅಳಲನ್ನು ಉತ್ತಮ ಪುರುಷದಲ್ಲಿಯೇ ಹಾಡಿದ್ದಾರೆ. ಇದಕ್ಕೆ ಭಿನ್ನವಾಗಿ, ಇಶಿಕಾವಾ ಹಾಡಿದ ‘ಅಮಾಗಿ ಗೋಎ’ (1986) ಗೀತೆಯ ನಾಯಕಿ ಪ್ರಿಯನನ್ನು ಇನ್ನೊಬ್ಬಳಿಗೆ ಬಿಟ್ಟುಕೊಡುವ ಬದಲು ಕೊಲ್ಲುವ ಮಾತನ್ನಾಡುತ್ತಾಳೆ.

ಇಂದಿನ ಸ್ಥಿತಿ

1990ರ ದಶಕದಿಂದ ಜೆ-ಪಾಪ್ ಪ್ರಬಲವಾದಂತೆ ಎಂಕಾದ ಕೇಳುಗರು ಹೆಚ್ಚಾಗಿ ಹಿರಿಯ ವಯಸ್ಸಿನವರಾದರು. ಆದರೂ ವರ್ಷಾಂತ್ಯದ ರಾತ್ರಿ ಎನ್‌ಎಚ್‌ಕೆ ಪ್ರಸಾರ ಮಾಡುವ ‘ಕೋಹಾಕು ಉತಾ ಗಾಸ್ಸೆನ್’ ಸಂಗೀತ ಸ್ಪರ್ಧೆಯಲ್ಲಿ ಇದಕ್ಕೆ ಸ್ಥಾನ ಉಳಿದಿದೆ. 2000ದಲ್ಲಿ ಹಿಕಾವಾ ಕಿಯೋಶಿ, 2008ರಲ್ಲಿ ಜೆರೊ ಹೊಸ ಕೇಳುಗರನ್ನು ಸೆಳೆದರು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಜನಿಸಿದ ಆಫ್ರಿಕನ್-ಅಮೆರಿಕನ್ ಗಾಯಕ ಜೆರೊ ಎಂಕಾವನ್ನು ತಮ್ಮ ಜಪಾನಿ ಅಜ್ಜಿಯ ಮೂಲಕ ಅರಿತವರು. ಫುಜಿ ಕೇಕೊ ಅವರ ಮಗಳು ಉತಾದಾ ಹಿಕಾರು ಎಂಕಾ ಹಾಡಲಿಲ್ಲ. ಆದರೆ ಮೊದಲ ಪ್ರೇಮದ ವಿದಾಯವನ್ನು ಹೇಳುವ ಶೀರ್ಷಿಕೆ ಗೀತೆಯುಳ್ಳ ಅವರ ‘ಫಸ್ಟ್ ಲವ್’ (1999) ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಆಗಿದೆ.