ಹಿಂದಿನ ಸೀಟಿನ ಚರಿತ್ರೆ

ಮೋಟಾರ್ ಸೈಕಲ್ಲಿನ ಚರಿತ್ರೆ ಬರೆದವರು ಬಹುಮಟ್ಟಿಗೆ ಮುಂದಿನ ಸೀಟಿನಲ್ಲಿ ಕೂತವರು. ಹಾಗಾಗಿ ಎಂಜಿನ್ ಎಷ್ಟು ಸಿಸಿ, ಹ್ಯಾಂಡಲ್ ಎಷ್ಟು ಎತ್ತರ, ಸೈಲೆನ್ಸರ್ ಹೇಗೆ ಗುಡುಗುತ್ತದೆ ಎಂಬುದೇ ಅದರಲ್ಲಿ ಹೆಚ್ಚು. ನಾನು ಗಾಡಿಯನ್ನು ಕಂಡದ್ದು ಹಿಂದಿನಿಂದ. ಈ ಲೆಕ್ಕವೂ ಅಲ್ಲಿಂದಲೇ ಶುರುವಾಗಲಿ.

ಈಗ ಭಾನುವಾರ ಬೆಳಿಗ್ಗೆ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹೊರಟರೆ ಬೆಂಗಳೂರಿನ ಹುಡುಗರು ಗುಂಪುಗುಂಪಾಗಿ ಸಿಗುತ್ತಾರೆ. ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರವನ್ನೋ, ಮುಂದೆ ದುರ್ಗದ ಕೋಟೆಯನ್ನೋ ನೋಡಲು ಬಂದವರು. ಹ್ಯಾಂಡಲ್ ಎತ್ತರಿಸಿ, ಎರಡೂ ಪಕ್ಕಕ್ಕೆ ಪೆಟ್ಟಿಗೆ ಕೂರಿಸಿ, ಮುಂದೊಂದು ಗಾಜು ಹಾಕಿಸಿರುತ್ತಾರೆ. ಕೊಂಡ ಗಾಡಿಯನ್ನು ತಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳುವುದು ಹೊಸ ಷೋಕಿ ಎಂದು ಅವರು ತಿಳಿದಿದ್ದರೆ, ನಮ್ಮ ಹೊಳಲ್ಕೆರೆಯಲ್ಲಿ ಅದು ಮಾಮೂಲು ಸಂಗತಿಯಾಗಿತ್ತು.

ಮೈಸೂರಿನಲ್ಲಿ 1960ರಲ್ಲಿ ರುಸ್ತುಂ ಇರಾನಿ, ಫರೋಖ್ ಇರಾನಿ ಎಂಬವರು ಐಡಿಯಲ್ ಜಾವಾ ಕಂಪನಿಯನ್ನು ಕಟ್ಟಿದರು. ಮಾರನೆಯ ವರ್ಷದಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಗಾಡಿಗಳು ತಯಾರಾಗತೊಡಗಿದವು. 1973ರಿಂದ ಅದಕ್ಕೆ ಯೆಜ್ಡಿ ಎಂದು ಹೆಸರಾಯಿತು. ಇರಾನಿನ ಯಜ್ದ್ ಪಟ್ಟಣದ ನೆನಪು ಅದು. ಒದ್ದು ಸ್ಟಾರ್ಟ್ ಮಾಡುವ ಕಡ್ಡಿಯೇ ಗೇರಿನ ಕಡ್ಡಿಯೂ ಆಗುವ ಸೋಜಿಗ ಅದರದು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಜಾವಾ ಹೆಸರು 2018ರಲ್ಲೂ ಯೆಜ್ಡಿ ಹೆಸರು 2022ರಲ್ಲೂ ಬೇರೆ ಕಂಪನಿಯ ಕೈಯಲ್ಲಿ ಮತ್ತೆ ರಸ್ತೆಗೆ ಬಂದವು.

ನಮ್ಮ ಚಿಕ್ಕಪ್ಪನ ಯೆಜ್ಡಿ ಮನೆಗೆ ಬಂದ ದಿನ ಮೊದಲು ಗಣಪತಿ ಗುಡಿಯ ಮುಂದೆ ಪೂಜೆ, ಆಮೇಲೆ ನೇರ ವೆಲ್ಡಿಂಗ್ ಅಂಗಡಿ. ಚಿಕ್ಕಮ್ಮನ ತವರು ಹೊಸದುರ್ಗ. ಒಂದೇ ಪಕ್ಕಕ್ಕೆ ಕಾಲಿಳಿಬಿಟ್ಟು, ಮಡಿಲಲ್ಲಿ ಕೂಸು, ತೋಳಿಗೊಂದು ಚೀಲ, ಹೀಗೆ ಅಷ್ಟು ದೂರ ಹೋಗಬೇಕು. ಅದಕ್ಕೆಂದು ಎಡಗಡೆ ಎರಡೂ ಪಾದ ಊರುವಷ್ಟು ಅಗಲದ ಕಬ್ಬಿಣದ ಮೆಟ್ಟಿಲು, ಸೀಟಿನ ಪಕ್ಕಕ್ಕೆ ಕೈಹಿಡಿ, ಹಿಂಚಕ್ರಕ್ಕೆ ಸರಳುಗಳ ಜಾಲರಿ. ಕಿಟಕಿ ಸರಳು ಮಾಡುವ ಮೇಸ್ತ್ರಿಯೇ ಮಾಡಿಕೊಟ್ಟದ್ದು. ನಮ್ಮ ಅಡಿಗೆಮನೆ ಕಿಟಕಿಯ ಹೂವೇ ಅದರಲ್ಲೂ ಇತ್ತು! ಗಾಡಿಯ ಅಂದ ಕೆಟ್ಟಿತು ಎಂದು ಚಿಕ್ಕಪ್ಪ ಗೊಣಗಿದ್ದುಂಟು. ಚಿಕ್ಕಮ್ಮ ಮಾತ್ರ, “ಸೆರಗು ಚಕ್ರಕ್ಕೆ ಹೋದರೆ ಅಂದ ನೋಡೋಕೆ ನಾನಿರ್ತೀನಾ?” ಎಂದಿದ್ದರು.

ಸುಮ್ಮನೆ ಆಡಿದ ಮಾತಲ್ಲ ಅದು. ತಿರುಗುವ ಚಕ್ರದ ಕಡ್ಡಿಗೆ ಬಟ್ಟೆಯ ತುದಿ ಸಿಕ್ಕಿತೆಂದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮೊಳಗಟ್ಟಲೆ ಸುತ್ತಿಕೊಳ್ಳುತ್ತದೆ, ಕೂತವಳನ್ನೂ ಎಳೆಯುತ್ತದೆ. ದುಪಟ್ಟಾ ಕೊರಳಲ್ಲಿದ್ದರೆ ಏನಾದೀತೆಂದು ಬರೆಯಲಾರೆ. ಕೇಂದ್ರ ಸರ್ಕಾರ 1989ರ ಮೋಟಾರು ವಾಹನ ನಿಯಮಗಳಲ್ಲಿ, 123ನೆಯ ನಿಯಮವಾಗಿ, ಇವೇ ಮೂರನ್ನು ಹೇಳಿತು: ಹಿಂದೆ ಕೂತವರಿಗೆ ಕೈಹಿಡಿ ಬೇಕು, ಪಾದ ಊರಲು ಆಸರೆ ಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಮರೆ ಬೇಕು. ನಮ್ಮ ಮೇಸ್ತ್ರಿ ಆ ಹೊತ್ತಿಗೆ ಎಷ್ಟು ಗಾಡಿಗೆ ಜಾಲರಿ ಕೂರಿಸಿದ್ದನೋ!

1916ರಲ್ಲಿ ಆಗಸ್ಟಾ, ಅಡೆಲಿನ್ ವಾನ್ ಬ್ಯೂರೆನ್ ಎಂಬ ಅಕ್ಕತಂಗಿಯರು ಒಬ್ಬೊಬ್ಬರು ಒಂದೊಂದು ಮೋಟಾರ್ ಸೈಕಲ್ ಏರಿ ಅಮೆರಿಕವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದರು. ದಾರಿಯಲ್ಲಿ ಪೊಲೀಸರು ಅವರನ್ನು ಹಿಡಿದದ್ದು ವೇಗಕ್ಕಲ್ಲ, ಗಂಡಸರ ಉಡುಪು ತೊಟ್ಟದ್ದಕ್ಕೆ. ಅಲ್ಲಿ ಗಾಡಿಗಾಗಿ ಹೆಂಗಸರು ಬಟ್ಟೆ ಬದಲಿಸಿದರು. ನಮ್ಮಲ್ಲಿ ಸೀರೆ ಜಗ್ಗಲಿಲ್ಲ, ಗಾಡಿಯೇ ಬದಲಾಯಿತು. ಎತ್ತರದ ಹ್ಯಾಂಡಲ್ ಜಗತ್ತಿನ ಕಣ್ಣಿಗೆ ಬಿದ್ದದ್ದು 1969ರ ‘ಈಜಿ ರೈಡರ್’ ಸಿನಿಮಾದಿಂದ. ಚಿಕ್ಕಮ್ಮನಿಗೆ ಆ ಸಿನಿಮಾ ಗೊತ್ತಿರಲಿಲ್ಲ.

ಹ್ಯಾಂಡಲ್ ನಮ್ಮ ಕೈಗೆ ಬಂದದ್ದು ತಡವಾಗಿ, ಅದೂ ಪುಟ್ಟ ಗಾಡಿಗಳ ಮೂಲಕ. 1972ರಲ್ಲಿ ಲೂನಾ, 1980ರಲ್ಲಿ ಟಿವಿಎಸ್ 50. ಮುಂದುಗಡೆ ತಗ್ಗು, ಸೀರೆಯುಟ್ಟೇ ಹತ್ತಬಹುದು. ಟೀಚರುಗಳು, ನರ್ಸುಗಳು ಬಸ್ಸಿಗೆ ಕಾಯುವುದನ್ನು ಬಿಟ್ಟರು. ದೊಡ್ಡ ಗಾಡಿಯ ಹ್ಯಾಂಡಲ್ ಮಾತ್ರ ಇನ್ನೂ ಉದ್ದ ತೋಳಿನವರ ಅಳತೆಯದೇ.

ಹ್ಯಾಂಡಲ್ ಎತ್ತರಿಸುವುದು ಬರೀ ಷೋಕಿ ಎನ್ನಲಾರೆ. ತಗ್ಗಾಗಿ, ದೂರವಾಗಿ ಇದ್ದರೆ ಮೈಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ, ನೂರು ಮೈಲಿಗೆ ಬೆರಳು ಜೋಮು ಹಿಡಿಯುತ್ತವೆ. ಎತ್ತರಿಸಿದರೆ ಬೆನ್ನು ನೆಟ್ಟಗಾಗುತ್ತದೆ. ಆದರೆ ಗಾಳಿ ಎದೆಗೇ ಬಡಿಯುತ್ತದೆ. ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವ ನಮ್ಮ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಕ್ಲಚ್ಚಿನ, ಬ್ರೇಕಿನ, ಆಕ್ಸಿಲರೇಟರಿನ ವಯರುಗಳೂ ಅಷ್ಟೇ ಉದ್ದವಾಗಬೇಕು. ಹಳೆಯದನ್ನೇ ಜಗ್ಗಿ ಕಟ್ಟಿದರೆ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ವಯರು ಬಿಗಿದು ಗಾಡಿ ತಾನೇ ರೇಸಾಗುತ್ತದೆ. ಕಾನೂನಿನ ಮಾತೂ ಇದೆ: ಕಂಪನಿ ಕೊಟ್ಟ ಮೂಲ ರಚನೆಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಖಡಾಖಂಡಿತ ಹೇಳಿದೆ. ನನಗೆ ಸಿಟ್ಟು ಬರುವುದು ಹ್ಯಾಂಡಲ್ ಎತ್ತರಿಸುವವರ ಮೇಲಲ್ಲ. ದಪ್ಪ ಟಯರು ಹಾಕಿಸುವ ನೆಪದಲ್ಲಿ ಸೀರೆ ಗಾರ್ಡನ್ನು ಕಿತ್ತು ಗುಜರಿಗೆ ಹಾಕಿ, ಸಂಜೆ ಅದೇ ಗಾಡಿಯಲ್ಲಿ ತಾಯಿಯನ್ನು ಕೂರಿಸಿಕೊಂಡು ಹೋಗುವವರ ಮೇಲೆ.

ಹೋದ ವರ್ಷ ದುರ್ಗದ ಗ್ಯಾರೇಜೊಂದರಲ್ಲಿ ಇಪ್ಪತ್ತೈದರ ಹುಡುಗಿಯೊಬ್ಬಳು ನಿಂತಿದ್ದಳು. ದೊಡ್ಡ ಗಾಡಿ, ಅವಳದೇ. ಹ್ಯಾಂಡಲ್ ಒಂದಿಷ್ಟು ಮೇಲಕ್ಕೆ, ಒಂದಿಷ್ಟು ತನ್ನ ಕಡೆಗೆ ಬರಬೇಕಂತೆ. “ಗಾರ್ಡ್ ತೆಗೆದ್ರೆ ಲುಕ್ಕು ಬರ್ತದೆ ನೋಡಮ್ಮ” ಎಂದ ಮೇಸ್ತ್ರಿ.

“ಬೇಡ ಅಣ್ಣ, ಅಮ್ಮ ಕೂರ್ತಾರೆ.”

ಅವನು ಗಾಡಿ ಸ್ಟಾರ್ಟ್ ಮಾಡಿ ಹ್ಯಾಂಡಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ ಸದ್ದು ಕೇಳಿದ. ಒಂದು ಇಂಚು ಎತ್ತರಿಸಿದರೆ ಇದೇ ವಯರು ಸಾಲುತ್ತದೆ, ಎರಡಾದರೆ ಹೊಸದು ತರಿಸಬೇಕು, ಗುರುವಾರ ಬಾ ಎಂದ.