ಮನೆಯಲ್ಲಿ ಸಮುದ್ರದ ಮೀನಿನ ತೊಟ್ಟಿ: ಕೂಡಿಸುವ ಮೊದಲು ಮತ್ತು ಕೂಡಿಸಿದ ಮೇಲೆ



ಹೊಸ ಮನೆ ಕಟ್ಟಿಸಿದ ಕೆಲವು ಸದಸ್ಯರು ಪಡಸಾಲೆಯಲ್ಲಿ ಸಮುದ್ರದ ಮೀನಿನ ದೊಡ್ಡ ತೊಟ್ಟಿ ಇಡುವ ಬಗ್ಗೆ ಮಾಹಿತಿ ಕೇಳಿದ್ದಾರೆ. ಸಿಹಿನೀರಿನ ಮೀನು ಸಾಕಿದ ಅನುಭವ ಹಲವರಿಗಿದೆ. ಸಮುದ್ರದ ಮೀನಿನ ರೀತಿ ಬೇರೆ. ನಾವಿರುವುದು ಕಡಲಿನಿಂದ ಸುಮಾರು ಮುನ್ನೂರು ಕಿಲೋಮೀಟರ್ ಒಳಗೆ, ಬಿಸಿಲಿನ ನಾಡಿನಲ್ಲಿ, ನೀರು ಎಣಿಸಿ ಬಳಸುವ ಊರುಗಳಲ್ಲಿ. ಅದಕ್ಕೆ ತಕ್ಕ ವಿವರಗಳನ್ನು ಇಲ್ಲಿ ಕ್ರಮವಾಗಿ ಕೊಟ್ಟಿದೆ. ಓದಿ, ಲೆಕ್ಕ ಹಾಕಿ, ಆಮೇಲೆ ನಿರ್ಧರಿಸಬೇಕಾಗಿ ವಿನಂತಿ.

1. ಸವಳು ನೀರು ಸಮುದ್ರದ ನೀರಲ್ಲ

"ನಮ್ಮ ಬೋರಿನ ನೀರು ಹೇಗೂ ಸವಳು, ಅದರಲ್ಲೇ ಸಮುದ್ರದ ಮೀನು ಬದುಕಬಹುದಲ್ಲ?" ಎಂಬ ಪ್ರಶ್ನೆ ಬಂದಿದೆ. ಬದುಕುವುದಿಲ್ಲ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ ಅಡುಗೆ ಉಪ್ಪಿನ ಅಂಶವೇ ಹೆಚ್ಚು, ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ನಿಶ್ಚಿತ ಪ್ರಮಾಣದಲ್ಲಿರುತ್ತವೆ. ನಮ್ಮ ಬೋರ್ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು, ಹೊಲಕ್ಕೆ ಹಾಕಿದ ಗೊಬ್ಬರದ ನೈಟ್ರೇಟೂ ಇಳಿದಿರಬಹುದು. ಅಂಗಡಿಯ ಅಡುಗೆ ಉಪ್ಪು ಕರಗಿಸಿದರೂ ಸಮುದ್ರದ ನೀರಾಗುವುದಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಮುದ್ರ ಲವಣದ ಮಿಶ್ರಣವನ್ನೇ ಆರ್‌ಒ ನೀರಿನಲ್ಲಿ ಕರಗಿಸಬೇಕು.

2. ತೊಟ್ಟಿಯ ಅಳತೆ ಮತ್ತು ಭಾರ

ಸಣ್ಣ ತೊಟ್ಟಿಗಿಂತ ದೊಡ್ಡದು ಸಂಭಾಳಿಸಲು ಸುಲಭ. ನೀರು ಹೆಚ್ಚಿದ್ದಷ್ಟು ಉಷ್ಣತೆ, ಉಪ್ಪು, ಹೊಲಸು ಯಾವುದೂ ಒಮ್ಮೆಲೇ ಏರಿಳಿಯುವುದಿಲ್ಲ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿ ಒಳ್ಳೆಯ ಆರಂಭ. ಇದರಲ್ಲಿ ಸುಮಾರು 430 ಲೀಟರ್ ಹಿಡಿಯುತ್ತದೆ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿ ಒಟ್ಟು ಭಾರ 550 ಕಿಲೋ ದಾಟುತ್ತದೆ. ಆದ್ದರಿಂದ ನೆಲಮಹಡಿಯೇ ಲೇಸು. ಮೇಲಿನ ಮಹಡಿಯಾದರೆ ಮನೆ ಕಟ್ಟಿದ ಇಂಜಿನಿಯರರನ್ನು ಕೇಳಿ, ತೊಲೆಯ ಮೇಲೆ ಭಾರ ಬೀಳುವಂತೆ ಗೋಡೆಗೆ ಹತ್ತಿ ಇಡಬೇಕು. ಹಳೆಯ ಮಣ್ಣಿನ ಮಾಳಿಗೆ ಮನೆಯ ಮೇಲಂತಸ್ತಿಗೆ ಇದು ಬೇಡವೇ ಬೇಡ. ಬಿಸಿಲು ನೇರ ಬೀಳುವ ಕಿಟಕಿ, ಅಡುಗೆಮನೆ, ದೇವರ ಕೋಣೆಯ ಊದುಬತ್ತಿ ಹೊಗೆ ಇವುಗಳಿಂದ ದೂರವಿರಲಿ. ಗಾಳಿ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ಸೊಳ್ಳೆ ಔಷಧಿ, ಫಿನೈಲು, ಬಣ್ಣದ ವಾಸನೆ ಮೀನಿಗೆ ವಿಷ.

3. ನೀರು ತಯಾರಿಸುವುದು

ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಆರ್‌ಒ ನೀರು ತುಂಬಿ, ಮಿಶ್ರಣವನ್ನು ಲೀಟರಿಗೆ 35ರಿಂದ 38 ಗ್ರಾಂ ಲೆಕ್ಕದಲ್ಲಿ ಹಾಕಿ, ಸಣ್ಣ ಪಂಪಿನಿಂದ ಇಡೀ ರಾತ್ರಿ ತಿರುಗಿಸಬೇಕು. ಮೊದಲ ಭರ್ತಿಗೆ ಸುಮಾರು 15 ಕಿಲೋ ಲವಣ ಬೇಕು. ತಾಮ್ರದ ಹಂಡೆ, ಹಿತ್ತಾಳೆ ನಲ್ಲಿ ಬಳಸಬಾರದು. ತಾಮ್ರದ ಅಂಶ ಸಿಗಡಿ, ಬಸವನಹುಳದಂಥ ಜೀವಿಗಳನ್ನು ಕೊಲ್ಲುತ್ತದೆ. ಮೀನಿರುವ ತೊಟ್ಟಿಗೆ ನೇರವಾಗಿ ಉಪ್ಪು ಸುರಿಯುವುದೂ ತಪ್ಪು.

ನೋಡಿಕೊಳ್ಳಬೇಕಾದ ಅಂಕಿಗಳು:
– ಸಾಂದ್ರತೆ: 1.023ರಿಂದ 1.026
– ಉಷ್ಣತೆ: 24ರಿಂದ 27 ಡಿಗ್ರಿ ಸೆಲ್ಸಿಯಸ್
– ಪಿಎಚ್: 8.1ರಿಂದ 8.4
– ಅಮೋನಿಯ, ನೈಟ್ರೈಟ್: ಸೊನ್ನೆ
– ನೈಟ್ರೇಟ್: ಲೀಟರಿಗೆ 20 ಮಿಲಿಗ್ರಾಂ ಒಳಗೆ

ಇದಕ್ಕೆ ರಿಫ್ರ್ಯಾಕ್ಟೋಮೀಟರ್, ಥರ್ಮಾಮೀಟರ್, ಪರೀಕ್ಷೆಯ ಕಿಟ್ ಬೇಕು. ಮೀನಿಗಿಂತ ಮೊದಲು ಇವನ್ನು ಕೊಳ್ಳಿರಿ.

4. ಆರು ವಾರದ ತಾಳ್ಮೆ

ಬಹಳಷ್ಟು ತೊಟ್ಟಿಗಳು ಕೆಡುವುದು ಇಲ್ಲಿಯೇ. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನವೆರಡೂ ವಿಷ, ಮೂರನೆಯದು ಮಿತಿಯಲ್ಲಿದ್ದರೆ ಸಹ್ಯ. ಈ ಬ್ಯಾಕ್ಟೀರಿಯಾ ಕಲ್ಲು, ಮರಳು, ಫಿಲ್ಟರಿನ ಮೇಲೆ ನೆಲೆಸಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹೆಪ್ಪು ಹಾಕಿದ ಹಾಲನ್ನು ಆ ಕ್ಷಣವೇ ಮೊಸರು ಎಂದು ಬಡಿಸಲಾಗದು, ಇದೂ ಹಾಗೆಯೇ. ಮೀನಿಲ್ಲದ ತೊಟ್ಟಿಗೆ ಚಿಟಿಕೆ ಆಹಾರ ಹಾಕುತ್ತ, ಮೂರು ದಿನಕ್ಕೊಮ್ಮೆ ಪರೀಕ್ಷಿಸಿರಿ. ಅಮೋನಿಯ ಏರಿ ಇಳಿದು, ನೈಟ್ರೈಟ್ ಏರಿ ಇಳಿದು, ಎರಡೂ ಸೊನ್ನೆಗೆ ಬಂದ ಮೇಲೆಯೇ ಮೊದಲ ಮೀನು.

5. ಯಾವ ಮೀನು, ಯಾವ ಕ್ರಮದಲ್ಲಿ

ಮಕ್ಕಳು "ನೀಮೋ" ಎಂದು ಕೇಳುವ ಕ್ಲೌನ್ ಮೀನಿನ ಜೋಡಿಯಿಂದ ಆರಂಭಿಸುವುದು ಒಳ್ಳೆಯದು. ಇದು ಗಟ್ಟಿ ಜೀವ, ಕಡಲ ಹೂವು ಇಲ್ಲದೆಯೂ ತೊಟ್ಟಿಯಲ್ಲಿ ಬದುಕುತ್ತದೆ. ಹುಟ್ಟುವಾಗ ಎಲ್ಲವೂ ಗಂಡು, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಇದರ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದೆ. ಅಂಗಡಿಯಲ್ಲಿ "ಹ್ಯಾಚರಿ ಮರಿಯೋ, ಸಮುದ್ರದಿಂದ ಹಿಡಿದದ್ದೋ" ಎಂದು ಕೇಳಿ, ಹ್ಯಾಚರಿಯದನ್ನೇ ಕೊಳ್ಳಿರಿ. ಅದು ಒಣ ಆಹಾರಕ್ಕೆ ಒಗ್ಗಿರುತ್ತದೆ, ಕಡಲಿಗೂ ನಷ್ಟವಿಲ್ಲ.

ಆಮೇಲೆ ಗೋಬಿ, ಫೈರ್‌ಫಿಶ್‌ನಂಥ ಸಾಧು ಮೀನು. ಜಗಳಗಂಟ ಡ್ಯಾಮ್ಸೆಲ್ ಕೊನೆಗೆ, ಅದೂ ಬೇಕಿದ್ದರೆ ಮಾತ್ರ. ಮೊದಲೇ ಬಿಟ್ಟರೆ ತೊಟ್ಟಿಯೆಲ್ಲ ತನ್ನದೇ ಎಂದು ಹೊಸಬರನ್ನು ಕಚ್ಚುತ್ತದೆ. ನಾಲ್ಕಡಿ ತೊಟ್ಟಿಗೆ ಆರೇಳು ಸಣ್ಣ ಮೀನು ಸಾಕು. ಒಂದು ಸಲಕ್ಕೆ ಒಂದೆರಡು ಮಾತ್ರ ಬಿಟ್ಟು, ಮೂರು ವಾರ ಬಿಟ್ಟು ಮುಂದಿನವು. ಹವಳವನ್ನೇ ತಿನ್ನುವ ಚಿಟ್ಟೆಮೀನು, ವಿಷದ ಮುಳ್ಳಿನ ಲಯನ್‌ಫಿಶ್ ಮಕ್ಕಳಿರುವ ಮನೆಗೆ ಬೇಡ.

ಹೊಸ ಮೀನನ್ನು ಬೇರೆ ಸಣ್ಣ ತೊಟ್ಟಿಯಲ್ಲಿ ನಾಲ್ಕು ವಾರ ಇಟ್ಟು ನೋಡಬೇಕು. ಮೈಮೇಲೆ ರವೆಯಂಥ ಬಿಳಿ ಚುಕ್ಕೆ, ವೇಗದ ಉಸಿರು ಕಂಡರೆ ಅಲ್ಲಿಯೇ ಚಿಕಿತ್ಸೆ. ದೊಡ್ಡ ತೊಟ್ಟಿಗೆ ಆ ರೋಗ ಹೊಕ್ಕರೆ ಎಲ್ಲ ಮೀನಿಗೂ ಹರಡುತ್ತದೆ.

6. ಕಾಯ್ದೆಯ ಮಾತು

ಇದನ್ನು ಎಲ್ಲರೂ ಗಮನಿಸಬೇಕು. ಹವಳ, ಕಡಲ್ಗುದುರೆ, ಕಡಲ ಸೌತೆ ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಜೀವಿಗಳು. 2001ರಲ್ಲಿ ಇವನ್ನು ಅನುಸೂಚಿಗೆ ಸೇರಿಸಲಾಯಿತು. ಸಮುದ್ರದಿಂದ ಕಿತ್ತ ಹವಳ, ಹವಳ ಅಂಟಿದ "ಜೀವಂತ ಕಲ್ಲು" ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಪರಾಧ. "ಎಲ್ಲರೂ ಮಾರುತ್ತಾರೆ" ಎಂಬ ಅಂಗಡಿಯವರ ಮಾತು ನಿಮ್ಮನ್ನು ಕಾಯುವುದಿಲ್ಲ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಬೆಳೆಯಲು ಎಷ್ಟು ಕಾಲ ಹಿಡಿದಿದೆಯೋ, ಕೀಳಲು ಒಂದು ಕ್ಷಣ ಸಾಕು. ಸೆರಾಮಿಕ್ ಕಲ್ಲು, ಒಣ ಕಲ್ಲಿನಲ್ಲೂ ಬ್ಯಾಕ್ಟೀರಿಯಾ ಚೆನ್ನಾಗಿ ನೆಲೆಸುತ್ತದೆ. ಖರೀದಿಯ ರಸೀದಿ ಜೋಪಾನವಾಗಿಡಿರಿ.

7. ಬೇಸಿಗೆ ಮತ್ತು ಕರೆಂಟು

ಮೇ ತಿಂಗಳಲ್ಲಿ ಸೊಲ್ಲಾಪುರದ ಬಿಸಿಲು 42–43 ಡಿಗ್ರಿ ಮುಟ್ಟುತ್ತದೆ. ತೊಟ್ಟಿಯ ನೀರು 30 ದಾಟಿದರೆ ಅದರಲ್ಲಿ ಕರಗಿದ ಆಮ್ಲಜನಕ ಇಳಿಯುತ್ತದೆ, ಉಪ್ಪು ನೀರಿನಲ್ಲಿ ಅದು ಮೊದಲೇ ಕಡಿಮೆ. ನಮ್ಮ ಗಾಳಿ ಒಣಗಿರುವುದರಿಂದ ನೀರಿನ ಮೇಲ್ಮೈಗೆ ಸಣ್ಣ ಫ್ಯಾನು ಹಚ್ಚಿದರೆ ಎರಡು ಮೂರು ಡಿಗ್ರಿ ತಗ್ಗುತ್ತದೆ. ಅದೂ ಸಾಲದ ಮನೆಗೆ ಚಿಲ್ಲರ್ ಬೇಕು, ಅದರ ಕರೆಂಟ್ ಬಿಲ್ಲನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಕರೆಂಟು ಹೋದಾಗ ಮೊದಲು ಬೇಕಾದದ್ದು ಗಾಳಿ. ಇನ್ವರ್ಟರಿಗೆ ಒಂದು ಪಂಪು ಜೋಡಿಸಿ, ಬ್ಯಾಟರಿಯ ಗಾಳಿ ಪಂಪನ್ನೂ ಕೈಗೆಟಕುವಂತೆ ಇಡಿರಿ. ಆಗ ಆಹಾರ ಹಾಕಬೇಡಿ. ಉಪ್ಪು ನೀರು ಕರೆಂಟನ್ನು ಚೆನ್ನಾಗಿ ಹರಿಸುವುದರಿಂದ ಸರಿಯಾದ ಅರ್ಥಿಂಗ್, ಆರ್‌ಸಿಸಿಬಿ ಇರಲೇಬೇಕು. ತೊಟ್ಟಿಗೆ ಕೈ ಹಾಕುವ ಮುನ್ನ ಸ್ವಿಚ್ ಆರಿಸಿರಿ.

8. ದಿನಚರಿ

ದಿನಾಲೂ: ಮೀನು ಎಣಿಸುವುದು, ಉಷ್ಣತೆ ನೋಡುವುದು, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಆವಿಯಾದ ನೀರಿನ ಬದಲಿಗೆ ಸಪ್ಪೆ ಆರ್‌ಒ ನೀರನ್ನೇ ಹಾಕಬೇಕು. ನೀರು ಆವಿಯಾದರೂ ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತದೆ.
ವಾರಕ್ಕೊಮ್ಮೆ: ಶೇಕಡಾ 10 ನೀರು, ಅಂದರೆ ಸುಮಾರು 40 ಲೀಟರ್ ಬದಲಿಸುವುದು, ಗಾಜು ಒರೆಸುವುದು, ಪರೀಕ್ಷೆ.
ತಿಂಗಳಿಗೊಮ್ಮೆ: ಪಂಪು ಬಿಚ್ಚಿ ತೊಳೆಯುವುದು. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿರಿ, ನಲ್ಲಿಯ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ.

ಎಲ್ಲವನ್ನೂ ಒಂದು ವಹಿಯಲ್ಲಿ ತಾರೀಖು ಸಮೇತ ಬರೆದಿಡಿರಿ. ಗಡ್ಡಾ ಜಾತ್ರೆಗೋ ಪಂಢರಪುರದ ವಾರಿಗೋ ಊರು ಬಿಟ್ಟಾಗ ಆ ವಹಿ ನೋಡಿಯೇ ಪಕ್ಕದವರು ಸಂಭಾಳಿಸಬಹುದು. ಆಹಾರವನ್ನು ದಿನಕ್ಕೊಂದರಂತೆ ಪುಡಿಕೆ ಕಟ್ಟಿ ಕೊಟ್ಟು ಹೋಗಿರಿ.

9. ಕೊನೆಗೆ, ನೀರಿನ ಲೆಕ್ಕ

ವಾರಕ್ಕೆ ಬದಲಿಸಲು 40 ಲೀಟರ್, ಬೇಸಿಗೆಯಲ್ಲಿ ಆವಿಗೆ ದಿನಕ್ಕೆ ನಾಲ್ಕೈದರಂತೆ 30 ಲೀಟರ್, ಒಟ್ಟು 70. ಒಂದು ಲೀಟರ್ ಆರ್‌ಒ ನೀರಿಗೆ ಎರಡು ಮೂರು ಲೀಟರ್ ಹೊರಹೋಗುತ್ತದೆ. ಅಂದರೆ ವಾರಕ್ಕೆ 200 ಲೀಟರಿಗೂ ಮೇಲೆ. ಹೊರಹೋದ ನೀರನ್ನು ಹಿಡಿದು ನೆಲ ಒರೆಸಲು, ಪಾಯಖಾನೆಗೆ ಬಳಸಬೇಕು. ತೊಟ್ಟಿಯಿಂದ ತೆಗೆದ ಉಪ್ಪು ನೀರನ್ನು ಮಾತ್ರ ಗಿಡಕ್ಕೆ, ಎರೆ ಹೊಲಕ್ಕೆ, ಬಾವಿಯ ಬದಿಗೆ ಚೆಲ್ಲಬೇಡಿ, ಮಣ್ಣು ಸವಳಾಗುತ್ತದೆ. ಗಟಾರಕ್ಕೇ ಬಿಡಿರಿ.

ಬೇಸಿಗೆಯಲ್ಲಿ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಲ್ಲುವ ಓಣಿಯಲ್ಲಿದ್ದರೆ ಈ ತೊಟ್ಟಿ ಸದ್ಯಕ್ಕೆ ಬೇಡ ಎಂಬುದೇ ನನ್ನ ಸಲಹೆ. ಮಕ್ಕಳಿಗೆ ತೋರಿಸುವುದಿದ್ದರೆ ರತ್ನಾಗಿರಿಯ ಸಾಗರ ಜೀವಶಾಸ್ತ್ರ ಸಂಶೋಧನಾ ಕೇಂದ್ರದ ಮತ್ಸ್ಯಾಲಯವಿದೆ, ರಜೆಯಲ್ಲಿ ಹೋಗಿ ಬರಬಹುದು. ನೀರು, ಕರೆಂಟು, ದಿನಕ್ಕೆ ಅರ್ಧ ಗಂಟೆ ಈ ಮೂರೂ ಖಾತ್ರಿಯಿದ್ದವರು ನಿಶ್ಚಿಂತೆಯಿಂದ ಆರಂಭಿಸಿರಿ. ಚೆನ್ನಾಗಿ ನೋಡಿಕೊಂಡರೆ ಕ್ಲೌನ್ ಮೀನಿನ ಜೋಡಿ ಹತ್ತು ವರ್ಷ ದಾಟಿ ಬಾಳುತ್ತದೆ.

– ಕಾರ್ಯದರ್ಶಿ