ಕೊಪ್ಪಳ ಸೀಮೆಯ ಸುತ್ತಣ ಮಿಷನ್ ಕೇಂದ್ರಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಮಟ್ಟಿಗೆ ನಿಜಾಮ ಸಂಸ್ಥಾನಕ್ಕೆ ಸೇರಿದ್ದವು. ಕಡಲು ದಾಟಿ ಬಂದ ಪ್ರಾಟೆಸ್ಟೆಂಟ್ ಮಿಷನರಿಗಳು ಈ ಭಾಗದಲ್ಲಿ ಮೊದಮೊದಲು ನೆಲೆಯೂರಿದುದು ಈ ಸೀಮೆಯ ಅಂಚಿನಾಚೆಯ ಬ್ರಿಟಿಷ್ ಪ್ರದೇಶಗಳಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರ ಪರಿಶ್ರಮದಿಂದ ಸಂಪೂರ್ಣ ಕನ್ನಡ ಬೈಬಲ್ 1831ರ ವೇಳೆಗೆ ಸಿದ್ಧವಾಯಿತು. ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರು ತಲುಪಿದರು. ಆ ಸಂಸ್ಥೆಯ ಕಾರ್ಯವು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ, 1851ರಲ್ಲಿ ಗುಳೇದಗುಡ್ಡಕ್ಕೆ ವಿಸ್ತರಿಸಿತು. ಕೊನೆಯ ಎರಡೂ ನೇಕಾರರ ಊರುಗಳೆಂಬುದು ಗಮನಾರ್ಹ.

ಈ ಪಯಣ ಏಕಮುಖವಾಗಿರಲಿಲ್ಲ. ಸಮುದ್ರಯಾನದಿಂದ ಜಾತಿ ಕೆಡುವುದೆಂದು ನಂಬಿದ್ದ ಕಾಲದಲ್ಲಿ, ಬ್ರಾಹ್ಮಣ ಮನೆತನದಿಂದ ಮತಾಂತರಗೊಂಡ ಮಂಗಳೂರಿನ ಹರ್ಮನ್ ಆನಂದರಾವ್ ಕೌಂಡಿನ್ಯರು 1846ರಲ್ಲಿ ಬಾಸೆಲಿಗೆ ತೆರಳಿ, ಅಲ್ಲಿ ಅಧ್ಯಯನ ಮಾಡಿ, 1851ರಲ್ಲಿ ಮಿಷನರಿಯಾಗಿ ಮರಳಿದರು.

ಆರಂಭದ ಕೇಂದ್ರಗಳು ಗಡಿಯಾಚೆ ಇದ್ದ ಮಾತ್ರಕ್ಕೆ ಕೊಪ್ಪಳ ಸೀಮೆಗೆ ಸಂಪರ್ಕವೇ ಇರಲಿಲ್ಲವೆಂದು ತೀರ್ಮಾನಿಸಲಾಗದು. ಸಂತೆ, ಜಾತ್ರೆ, ನೇಯ್ಗೆಯ ವ್ಯವಹಾರಗಳು ರಾಜಕೀಯ ಗಡಿಗೆ ಕಟ್ಟುಬಿದ್ದವಲ್ಲ. ಆದುದರಿಂದ ಇಲ್ಲಿನ ಸ್ಥಳೀಯ ಚರಿತ್ರೆ ಬರೆಯುವವರು ಹೈದರಾಬಾದಿನ ಕಡತಗಳ ಜೊತೆಗೆ, ಬಾಸೆಲಿನಲ್ಲಿ ಸಂರಕ್ಷಿತವಾಗಿರುವ ಮಿಷನ್ ವರದಿ, ಪತ್ರಗಳನ್ನೂ ಪರಿಶೀಲಿಸಬೇಕು. ಅವು ಬಂದವರ ಕಣ್ಣಿನ ದಾಖಲೆಗಳು. ಇದ್ದವರ ನೆನಪುಗಳನ್ನು ಊರೂರಿನಲ್ಲಿ ಸಂಗ್ರಹಿಸಿ ಅವುಗಳೆದುರು ಇಟ್ಟಾಗಲೇ ಚಿತ್ರ ಪೂರ್ಣವಾಗುತ್ತದೆ.